10 ಇಂಚಿನ ಎಫ್/4.7 ಡಾಬ್‌ಗೆ ಲೋ ಪವರ್ ಐಪೀಸ್: 40 ಎಂಎಂ ತಗೊಂಡುಬಿಡ್ಲಾ?

ತುಮಕೂರು_ತಾರಸಿ · ಸೋಮವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸುಮ್ಮನೆ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು. ದೀಪಾವಳಿಗೆ ಮುಂಚೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು 10 ಇಂಚಿನ ಡಾಬ್ಸೋನಿಯನ್ (ಡಾಬ್, ಅಂದ್ರೆ ಸಾದಾ ಪೀಠದ ಮೇಲೆ ತಿರುಗೋ ಕನ್ನಡಿ ಟೆಲಿಸ್ಕೋಪ್) ಸಿಕ್ತು. ಕನ್ನಡಿ 254 ಎಂಎಂ, ಫೋಕಲ್ ಲೆಂತ್ 1200 ಎಂಎಂ, 1200 ಭಾಗಿಸು 254 ಅಂದ್ರೆ ಎಫ್/4.7. ಜೊತೆಗೆ 2 ಇಂಚಿನ ಬ್ಯಾರೆಲ್‌ನ 30 ಎಂಎಂ ಐಪೀಸ್ (ಕಣ್ಣಿಟ್ಟು ನೋಡೋ ಮಸೂರ) ಒಂದು, 10 ಎಂಎಂ ಪ್ಲಾಸಲ್ ಅನ್ನೋ ಸಾದಾ ಐಪೀಸ್ ಒಂದು ಬಂದಿತ್ತು.

ಆ 30ರಲ್ಲಿ ಕೃತ್ತಿಕೆ ಹೇಗೋ ಒತ್ತಿ ಕೂರಿಸಿದ ಹಾಗೆ ಹಿಡಿಸುತ್ತೆ, ಸುತ್ತ ಒಂಚೂರೂ ಜಾಗ ಉಳಿಯಲ್ಲ. ಅದಕ್ಕಿಂತ ಬೇಜಾರು ಅಂಚಿನದು. ನಡುವೆ ನಕ್ಷತ್ರ ಸೂಜಿಮೊನೆ ಅಂತ ಹೇಳಕ್ಕಾಗದಿದ್ರೂ ಪರವಾಗಿಲ್ಲ. ಅಂಚಿಗೆ ಹೋಗ್ತಾ ಹೋಗ್ತಾ ಒಂದೊಂದೂ ರೆಕ್ಕೆ ಬಿಚ್ಚಿದ ಕೊಕ್ಕರೆ ಆಗಿಬಿಡುತ್ತೆ. 40 ಎಂಎಂ ಹಾಕಿದ್ರೆ ಪವರ್ (1200 ಭಾಗಿಸು 40) 30ಕ್ಕೆ ಇಳಿಯುತ್ತೆ, ಆಕಾಶ ಇನ್ನೂ ಅಗಲ ಸಿಗುತ್ತೆ, ಕೊಕ್ಕರೆಗಳೂ ಸಣ್ಣ ಆಗಬಹುದು ಅಂತ ನನ್ನ ಲೆಕ್ಕ. ಬಜೆಟ್ 20,000 ಆಸುಪಾಸು. ಮನೆಯಲ್ಲಿ ಹೇಳಿರೋದು 12,000.

ವಯಸ್ಸು 47. ಕನ್ನಡಕ ಇದೆ, ಟೆಲಿಸ್ಕೋಪ್ ನೋಡುವಾಗ ತೆಗೆದು ಜೇಬಿಗೆ ಹಾಕ್ತೀನಿ. ವಾರದ ದಿನ ಮನೆ ತಾರಸಿ, ಅಮಾವಾಸ್ಯೆ ಹತ್ರ ಬಂದ್ರೆ ಪಾವಗಡದ ಆಚೆ ಭಾವನ ಹೊಲ.

ಚಂದ್ರಬೇಡ · ರಾತ್ರಿ 10:51

40 ಬೇಡ. ಎಕ್ಸಿಟ್ ಪ್ಯೂಪಿಲ್ 8.5 ಎಂಎಂ ಆಗುತ್ತೆ. ಈ ಪ್ರಶ್ನೆ ಇಲ್ಲಿ ಹತ್ತಾರು ಸಲ ಬಂದಿದೆ, ಹುಡುಕಿ.

ಕಡಲತೀರ_ಕತ್ತಲೆ · ರಾತ್ರಿ 11:20

ಚಂದ್ರಬೇಡರು ಯಾವಾಗಲೂ ಹೀಗೇ ಮಾರಾಯ್ರೆ, ಬೇಜಾರು ಮಾಡಬೇಡಿ. ಒಳಗೆ ಒಳ್ಳೆಯವರು. ಬರೆಯುವಾಗ ಮಾತ್ರ ಟೆಲಿಗ್ರಾಂ ದರ ಕೊಟ್ಟವರ ಹಾಗೆ ಬರೀತಾರೆ.

ನೀವು ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಟೆಲಿಸ್ಕೋಪನ್ನು ನೀಲಿ ಆಕಾಶದ ಕಡೆಗೆ ತಿರುಗಿಸಿ. ಸೂರ್ಯ ಇರುವ ದಿಕ್ಕು ಬಿಟ್ಟು, ಪೂರಾ ಎದುರು ದಿಕ್ಕಿಗೆ. ನಿಮ್ಮ 30 ಎಂಎಂ ಹಾಕಿ, ಕಣ್ಣು ಹತ್ತಿರ ತರದೆ ಒಂದು ಅಡಿ ದೂರ ನಿಂತು ಐಪೀಸ್ ನೋಡಿ. ಗಾಜಿನ ಮೇಲೆ ತೇಲಿದ ಹಾಗೆ ಬೆಳ್ಳಗಿನ ಒಂದು ಬಿಲ್ಲೆ ಕಾಣ್ತದೆ. ಕರಿಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು. ನಡುವಿನಲ್ಲಿ ಒಂದು ಕಪ್ಪು ಚುಕ್ಕೆ, ಅದು ಸೆಕೆಂಡರಿ ಕನ್ನಡಿಯ ನೆರಳು. ಆ ಬಿಳಿ ಬಿಲ್ಲೆಯೇ ಎಕ್ಸಿಟ್ ಪ್ಯೂಪಿಲ್. ನಿಮ್ಮ 10 ಇಂಚಿನ ಕನ್ನಡಿ ಹಿಡಿದ ಬೆಳಕೆಲ್ಲ ಅಷ್ಟು ಸಣ್ಣ ಕಿಂಡಿಯಲ್ಲಿ ಹೊರಗೆ ಬರ್ತದೆ. ಅಳತೆ ಸುಲಭ: ಐಪೀಸ್‌ನ ಎಂಎಂ ಭಾಗಿಸು ಎಫ್ ಸಂಖ್ಯೆ. 30 ಭಾಗಿಸು 4.7, ಅಂದ್ರೆ 6.4 ಎಂಎಂ. 40 ಹಾಕಿದ್ರೆ 8.5.

ಈಗ ಆ ಬಿಲ್ಲೆ ನಿಮ್ಮ ಕಣ್ಣಿನ ಪಾಪೆಯ ಒಳಗೆ ಹೋಗ್ಬೇಕಲ್ವಾ? ಹರೆಯದಲ್ಲಿ ಕತ್ತಲೆಯಲ್ಲಿ ಪಾಪೆ 7 ಎಂಎಂವರೆಗೆ ತೆರೀತದೆ. 47ಕ್ಕೆ 6 ಇದ್ದೀತು, 5 ಇದ್ದರೂ ಆಶ್ಚರ್ಯ ಇಲ್ಲ. ನಲ್ಲಿ ದಪ್ಪ, ಕೊಡದ ಬಾಯಿ ಸಣ್ಣ ಆದ್ರೆ ಎಂತ ಆಗ್ತದೆ, ನೀರು ಹೊರಗೆ. ಪಾಪೆ 6 ಅಂತ ಇಟ್ಟುಕೊಂಡ್ರೂ 30 ಪವರ್‌ನಲ್ಲಿ ನಿಮ್ಮ ಕಣ್ಣಿಗೆ ಸಿಗುವುದು 6 ಗುಣಿಸು 30, ಅಂದ್ರೆ 180 ಎಂಎಂ ಕನ್ನಡಿಯ ಬೆಳಕು. 10 ಇಂಚು ಹೊತ್ತುಕೊಂಡು ಹೋಗಿ 7 ಇಂಚಿನಲ್ಲಿ ನೋಡಿದ ಹಾಗೆ.

ಇದು ಪಾಪ ಅಂತ ನಾನು ಹೇಳುವುದಿಲ್ಲ. ಬೆಳಕು ಸ್ವಲ್ಪ ಚೆಲ್ಲಿ ಹೋದ್ರೆ ಹೋಗಲಿ, ನನಗೆ ಕೃತ್ತಿಕೆ ಸುತ್ತ ಜಾಗ ಬೇಕು ಅಂದ್ರೆ 40 ಹಾಕಿ ನೋಡಬಹುದು. 2 ಇಂಚಿನ ಬ್ಯಾರೆಲ್‌ನಲ್ಲಿ ಫೀಲ್ಡ್ ಸ್ಟಾಪ್, ಅಂದ್ರೆ ನೋಟದ ಅಂಚು ಕಟ್ಟುವ ಒಳಗಿನ ಬಳೆ, ಹೆಚ್ಚೆಂದ್ರೆ 46 ಎಂಎಂ. ಅದು ನಿಮ್ಮ 1200ಕ್ಕೆ 2.2 ಡಿಗ್ರಿ ಆಗ್ತದೆ. ಅದಕ್ಕಿಂತ ಅಗಲ ಯಾವ ಐಪೀಸೂ ಕೊಡುವುದಿಲ್ಲ. ಆದ್ರೆ ಕೊಕ್ಕರೆ ಹೋಗ್ತದೆ ಅಂತ 40 ತಗೊಂಡ್ರೆ ಮೋಸ ಹೋಗ್ತೀರಿ. ಕೊಕ್ಕರೆಗಳ ಸಂಖ್ಯೆ ಜಾಸ್ತಿ ಆಗ್ತದೆ ಅಷ್ಟೇ.

ಆರಿಂಚು_ಎಫ್8 · ಮಂಗಳವಾರ ಬೆಳಿಗ್ಗೆ 7:05

ನಮಸ್ಕಾರ್ರೀ, ಧಾರವಾಡದಿಂದ. ನಿಮ್ಮಂಥದೇ 30 ಎಂಎಂ ಗೆಳೆಯಾನ ಕಡೆಯಿಂದ ತಂದು ನನ್ನ 6 ಇಂಚಿನ ಎಫ್/8ನ್ಯಾಗ ಹಾಕಿ ನೋಡೇನಿ. ಅಂಚಿನ ತನಕ ಚೊಲೋ ಐತಿ. ಒಂದು ಕೊಕ್ಕರೀನೂ ಇಲ್ರಿ! ಮಜಾ ಏನಂದ್ರ ನನ್ನದರ ಫೋಕಲ್ ಲೆಂತೂ 1200 ಚಿಲ್ಲರೇನ. ಪವರ್ ಅದ 40, ಆಕಾಶ ಅಷ್ಟ ಅಗಲ, ಐಪೀಸೂ ಅದ. ಬ್ಯಾರೆ ಇರೋದು ಬೆಳಕು ಬರೋ ಕೋನ ಒಂದ. ನನ್ನ ಕನ್ನಡಿ ನಾನ ತಿಕ್ಕಿದ್ದು, ನಡುವ ತಗ್ಗು ಬರೇ 1.2 ಎಂಎಂ. ನಿಮ್ಮ 10 ಇಂಚಿನ ಕನ್ನಡಿ ನಡುವ 3.4 ಎಂಎಂ ತಗ್ಗಿರತೈತಿ. ಅಷ್ಟು ಆಳದ ಬಟ್ಟಲದಿಂದ ಬೆಳಕು ಭಾಳ ಓರೆಯಾಗಿ ಬಂದು ಐಪೀಸಿಗೆ ಬಡೀತೈತಿ. ಸಾದಾ ಐದಾರು ಗಾಜಿನ ವೈಡ್ ಆಂಗಲ್ ಐಪೀಸಿಗೆ ಅದನ್ನ ತಡಕೊಳ್ಳೋ ತಾಕತ್ತಿಲ್ರಿ.

ಫೀನಿಕ್ಸ್_ಕನ್ನಡಿಗ · ಬೆಳಿಗ್ಗೆ 8:30

ಇದು ಹಳೇ ಕಥೆ. ಎರ್ಫ್ಲೆ ಅನ್ನೋ ವೈಡ್ ಆಂಗಲ್ ವಿನ್ಯಾಸ ಮೊದಲ ಮಹಾಯುದ್ಧದ ಕಾಲದ್ದು. ಆಗಿನ ದೂರದರ್ಶಕಗಳು ನಿಧಾನದವು, ಎಫ್/8, ಎಫ್/10, ಎಫ್/15. ಅವಕ್ಕೆ ಅದು ಸಾಕಿತ್ತು. ಆಮೇಲೆ ಡಾಬ್ಸನ್ ಬಂದರು. ಸ್ಯಾನ್ ಫ್ರಾನ್ಸಿಸ್ಕೊ ವೇದಾಂತ ಸೊಸೈಟಿಯಲ್ಲಿ 1944ರಿಂದ 1967ರವರೆಗೆ ಸನ್ಯಾಸಿಯಾಗಿದ್ದ ಮನುಷ್ಯ, ಹಡಗಿನ ಕಿಟಕಿಯ ಗಾಜು ತಿಕ್ಕಿ ಕನ್ನಡಿ ಮಾಡ್ತಿದ್ದರು. ಅವರಿಂದಾಗಿ ಜನ ದೊಡ್ಡ ದೊಡ್ಡ ಕನ್ನಡಿ ಮಾಡೋಕೆ ಶುರು ಮಾಡಿದರು. ದೊಡ್ಡ ಕನ್ನಡಿಗೆ ಕೊಳವೆ ಗಿಡ್ಡ ಬೇಕು, ಇಲ್ಲದಿದ್ದರೆ ಏಣಿ ಹತ್ತಬೇಕು. ಹಾಗಾಗಿ ಎಫ್ ಸಂಖ್ಯೆ ಇಳೀತಾ ಹೋಯಿತು, ಅಂಚಿನ ನಕ್ಷತ್ರ ಕೆಡ್ತಾ ಹೋಯಿತು. 1980ರಲ್ಲಿ ಆಲ್ ನ್ಯಾಗ್ಲರ್ ಕಣ್ಣಿಗೆ 82 ಡಿಗ್ರಿ ಅಗಲದ ನೋಟ ಕೊಡೋ 13 ಎಂಎಂ ಐಪೀಸ್ ತಂದ ಮೇಲೆ ಈ ಕಾಟಕ್ಕೆ ಮದ್ದು ಸಿಕ್ಕಿದ್ದು. ಮದ್ದಿನ ಬೆಲೆ ಬೇರೆ ಮಾತು.

ನನ್ನ ಹತ್ತಿರ 31 ಎಂಎಂ ನ್ಯಾಗ್ಲರ್ ಇದೆ. ಹೆಚ್ಚುಕಡಿಮೆ ಒಂದು ಕಿಲೋ. ಕೊಂಡಾಗ ನಾನೂ ನಿಮ್ಮ ವಯಸ್ಸಿನವನೇ. ಈಗ 61. ಕಣ್ಣು ಅಷ್ಟು ತೆರೆಯೋದೇ ಇಲ್ಲ. ತಿಂಗಳಿಗೊಮ್ಮೆ ತೆಗೆದು ಒರೆಸಿ ಇಡ್ತೀನಿ, ಬಳಸೋದು 21.

ಕೆಂಪು_ಟಾರ್ಚು · ಬೆಳಿಗ್ಗೆ 9:15

ತಾರಸಿ ಸರ್, ಕೊಳ್ಳೋ ಮುಂಚೆ ಕೊಕ್ಕರೆ ಯಾರದು ಅಂತ ಪತ್ತೆ ಮಾಡಿ. ನಾಲ್ಕು ಜನ ಆರೋಪಿಗಳಿದಾರೆ.

ಅಂಚಿನಲ್ಲಿ ಒಂದು ನಕ್ಷತ್ರ ಇಟ್ಕೊಂಡು ಫೋಕಸ್ ತಿರುಗಿಸಿ. ಮತ್ತೆ ಚುಕ್ಕೆ ಆದ್ರೆ ಅದು ಬರೀ ಫೀಲ್ಡ್ (ಚಿತ್ರ ಮೂಡೋ ತಲ) ಬಾಗಿರೋದು. ಫೋಕಸ್‌ನ ಒಂದು ಕಡೆ ಉದ್ದುದ್ದ ಗೆರೆ, ಇನ್ನೊಂದು ಕಡೆ ಅಡ್ಡಡ್ಡ ಗೆರೆ, ನಡುವೆ ಕೊಕ್ಕರೆ ಅಂದ್ರೆ ಐಪೀಸ್‌ನ ಆಸ್ಟಿಗ್ಮ್ಯಾಟಿಸಂ. ಬೀಸಣಿಗೆ ಥರ, ಚೂಪು ತುದಿ ನಡುವಿನ ಕಡೆಗೆ, ಅಗಲ ಹೊರಗಡೆಗೆ ಇದ್ರೆ ಕೋಮಾ, ಅದು ಕನ್ನಡಿಯದ್ದು. ಎಷ್ಟು ದುಬಾರಿ ಐಪೀಸ್ ಹಾಕಿದ್ರೂ ಅದು ಹೋಗಲ್ಲ.

ನಾಲ್ಕನೇ ಆರೋಪಿ ಯಾರು ಅಂತ ಆಮೇಲೆ ಹೇಳ್ತೀನಿ. ಮೊದಲು ಇಷ್ಟು ನೋಡ್ಕೊಂಡು ಬನ್ನಿ. ಹಾಗೇ ಕಾಲಿಮೇಷನ್, ಅಂದ್ರೆ ಕನ್ನಡಿಗಳ ಜೋಡಣೆ, ಸರಿ ಇದೆಯಾ ನೋಡಿ. ಎಫ್/4.7ರಲ್ಲಿ ಕೋಮಾ ಇಲ್ಲದ ಜಾಗ ನಡುವೆ ಎರಡು ಎಂಎಂ ಚಿಲ್ಲರೆ ಅಷ್ಟೇ. ಕನ್ನಡಿ ಸ್ವಲ್ಪ ಅತ್ತಿತ್ತ ಆದ್ರೆ ಆ ಜಾಗವೇ ಪಕ್ಕಕ್ಕೆ ಹೋಗಿರುತ್ತೆ.

ತುಮಕೂರು_ತಾರಸಿ · ಗುರುವಾರ ರಾತ್ರಿ 11:58

ಟೆಸ್ಟ್ ಆಯ್ತು ಮೇಡಂ. ನಿನ್ನೆ ಮೋಡ, ಇವತ್ತು ಎರಡು ಗಂಟೆ ಸಿಕ್ತು. ಲುಬ್ಧಕ ಅಂಚಿಗೆ ತಂದು ಫೋಕಸ್ ತಿರುಗಿಸಿದ್ರೆ ನೀವು ಹೇಳಿದ ಹಾಗೇ ಉದ್ದ ಗೆರೆ, ಅಡ್ಡ ಗೆರೆ. ಒಂದು ಕಿತಾಪತಿನೂ ಮಾಡಿದೆ. ಕೊಳವೆಯ ಧೂಳಿನ ಮುಚ್ಚಳದಲ್ಲಿ ಇನ್ನೊಂದು ಪುಟ್ಟ ಮುಚ್ಚಳ ಇರುತ್ತಲ್ಲ, 2 ಇಂಚಿಂದು, ದೊಡ್ಡದು ಹಾಕಿ ಪುಟ್ಟದು ಮಾತ್ರ ತೆಗೆದು ನೋಡಿದೆ. ಆಕಾಶ ಮಂಕಾಯ್ತು, ಆದ್ರೆ ಅಂಚಿನ ನಕ್ಷತ್ರ ಗುಂಡಗೆ! ಎಲ್ಲಾ ಕೊಕ್ಕರೆ ಹಾರಿಹೋಯ್ತು. ಈಗ ಅದು ಎಫ್/24 ಆಯ್ತಲ್ವಾ. ಅಂದ್ರೆ ಕಳ್ಳ ಐಪೀಸೇ. ಕೇಸ್ ಮುಗೀತು.

ಚಂದ್ರಬೇಡ · ಶುಕ್ರವಾರ ಬೆಳಿಗ್ಗೆ 6:10

ಮುಗೀಲಿಲ್ಲ. ಕಿಂಡಿ ಸಣ್ಣ ಮಾಡಿದಾಗ ಎಕ್ಸಿಟ್ ಪ್ಯೂಪಿಲ್ 1.25 ಎಂಎಂ ಆಯ್ತು. ಕಣ್ಣಿನ ದೋಷವೂ ಅದರಲ್ಲಿ ಮುಚ್ಚಿಹೋಗುತ್ತೆ. ನಡುವಿನ ನಕ್ಷತ್ರ ಹೇಗಿತ್ತು?

ತುಮಕೂರು_ತಾರಸಿ · ಬೆಳಿಗ್ಗೆ 6:40

ಅಯ್ಯೋ ಹೌದು. ನಡುವಿಂದೂ ಚೂಪಾಯ್ತು. ಮುಚ್ಚಳ ಪೂರ್ತಿ ತೆಗೆದ್ರೆ ನಡುವಿನ ನಕ್ಷತ್ರಕ್ಕೂ ಒಂದು ಓರೆ ಬಾಲ ಇರುತ್ತೆ, ಅದು ಗಾಳಿ ಅಲುಗಾಟ ಅಂದ್ಕೊಂಡಿದ್ದೆ.

ಕನ್ನಡಕದ_ಅಂಗಡಿ · ಬೆಳಿಗ್ಗೆ 10:20

ಕೆಂಪು ಟಾರ್ಚು ಅವರ ನಾಲ್ಕನೇ ಆರೋಪಿ ನನ್ನ ಗಿರಾಕಿ ಅನ್ಸುತ್ತೆ. ಸರ್, ನಿಮ್ಮ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಅಂತ ಒಂದು ಕಾಲಂ ಇರುತ್ತೆ, ಅದು ಕಣ್ಣಿನ ಆಸ್ಟಿಗ್ಮ್ಯಾಟಿಸಂನ ಅಳತೆ. ಎಷ್ಟಿದೆ ಹೇಳಿ. ದೂರ, ಹತ್ತಿರದ ನಂಬರ್ ಎಷ್ಟಿದ್ರೂ ಫೋಕಸರ್ ತಿರುಗಿಸಿ ಸರಿಮಾಡ್ಕೋಬಹುದು. ಸಿಲಿಂಡರ್ ಮಾತ್ರ ಫೋಕಸರ್‌ಗೆ ಬಗ್ಗಲ್ಲ. ಬೆಳಕಿನ ಕಿಂಡಿ ಸಣ್ಣ ಇದ್ದಾಗ ಅದು ತೋರೋದೂ ಇಲ್ಲ. ಅದಕ್ಕೇ 10 ಎಂಎಂ ಪ್ಲಾಸಲ್‌ನಲ್ಲಿ ನಿಮಗೆ ಗೊತ್ತಾಗಿಲ್ಲ, 30ರಲ್ಲಿ ಪಾಪೆ ಪೂರ್ತಿ ಬಳಕೆ ಆಗೋದ್ರಿಂದ ಎದ್ದು ಕಾಣುತ್ತೆ. ನಡುವೆ ನಕ್ಷತ್ರ ಇಟ್ಟು ತಲೆ ಓರೆ ಮಾಡಿ ನೋಡಿ. ಬಾಲ ನಿಮ್ಮ ತಲೆಯ ಜೊತೆ ತಿರುಗಿದ್ರೆ ಅದು ನಿಮ್ಮದು.

ತುಮಕೂರು_ತಾರಸಿ · ಶುಕ್ರವಾರ ರಾತ್ರಿ 9:30

ತಿರುಗ್ತು. ಚೀಟಿ ಹುಡುಕಿದೆ: ಎಡಗಣ್ಣು 0.5, ಬಲಗಣ್ಣು 1.25. ನಾನು ಯಾವತ್ತೂ ನೋಡೋದು ಬಲಗಣ್ಣಲ್ಲೇ.

ಕನ್ನಡಕದ_ಅಂಗಡಿ · ರಾತ್ರಿ 9:34

ಹಾಗಾದ್ರೆ ಎಡಗಣ್ಣಲ್ಲಿ ನೋಡಿ ಸರ್! ಖರ್ಚಿಲ್ಲ.

ಆರಿಂಚು_ಎಫ್8 · ರಾತ್ರಿ 9:41

ಹ್ಹಹ್ಹಹ್ಹ. 20,000 ಉಳೀತು ನೋಡ್ರಿ.

ಕನ್ನಡಕದ_ಅಂಗಡಿ · ರಾತ್ರಿ 9:50

ತಮಾಷೆ ಅಲ್ಲ, ನಿಜಕ್ಕೂ ಮೊದಲ ಮದ್ದು ಅದೇ. ಎರಡನೇದು ಕನ್ನಡಕ ಹಾಕ್ಕೊಂಡೇ ನೋಡೋದು. ಅದಕ್ಕೆ ಐ ರಿಲೀಫ್ (ಐಪೀಸಿನ ಗಾಜಿಂದ ಕಣ್ಣಿಡೋ ಜಾಗಕ್ಕಿರೋ ದೂರ) 17, 18 ಎಂಎಂ ಆದ್ರೂ ಇರೋ ಐಪೀಸ್ ಬೇಕು, ಇಲ್ಲದಿದ್ರೆ ಅಂಚು ಕಾಣಲ್ಲ. ಪ್ರೋಗ್ರೆಸಿವ್ ಕನ್ನಡಕ ಆದ್ರೆ ಬೇಡ, ಅದರಲ್ಲಿ ಕಣ್ಣು ಎಲ್ಲಿಟ್ರೆ ಯಾವ ನಂಬರ್ ಅನ್ನೋದೇ ತಿಳಿಯಲ್ಲ. ಬರೀ ದೂರದ ನಂಬರ್‌ದು ಒಂದು ಅಗ್ಗದ ಫ್ರೇಮಿನಲ್ಲಿ ಮಾಡಿಸ್ಕೊಳ್ಳಿ. ಗೀಚು ಬಿದ್ರೂ ಹೊಟ್ಟೆ ಉರಿಯಲ್ಲ.

ಕಡಲತೀರ_ಕತ್ತಲೆ · ಶನಿವಾರ ಬೆಳಿಗ್ಗೆ

ಈಗ ಪ್ರಶ್ನೆ ಸರಿಯಾದ ಜಾಗಕ್ಕೆ ಬಂತು. ಪಾಪೆ ಎಷ್ಟು ತೆರೀತದೆ ಅಂತಲೂ ಅಳೆದುಬಿಡಿ. ಡ್ರಿಲ್ ಬಿಟ್ ಇದ್ರೆ 5, 5.5, 6 ಎಂಎಂ ಮೂರು ತಗೊಳ್ಳಿ. ಅರ್ಧ ಗಂಟೆ ಕತ್ತಲೆಯಲ್ಲಿ ಕೂತು, ಬಿಟ್ಟಿನ ನುಣುಪು ಹಿಂಭಾಗವನ್ನು ಒಂದು ಕಣ್ಣಿನ ಎದುರು ನೆಟ್ಟಗೆ ಹಿಡಿದು, ಒಂದು ಪ್ರಕಾಶದ ನಕ್ಷತ್ರದ ಅಡ್ಡ ನಿಧಾನ ಸರಿಸಿ. ಕಣ್ಣಿಗೆ ತಾಗಿಸಬೇಡಿ ಮತ್ತೆ. ಬಿಟ್ಟು ಪಾಪೆಗಿಂತ ಸಪುರ ಇದ್ರೆ ನಕ್ಷತ್ರ ಯಾವ ಹೊತ್ತಿಗೂ ಪೂರಾ ಮಾಯ ಆಗುವುದಿಲ್ಲ, ಪಕ್ಕದಿಂದ ಬೆಳಕು ಒಳಗೆ ಬರ್ತದೆ. ದಪ್ಪ ಇದ್ರೆ ನಕ್ಷತ್ರ ಮಾಯ.

ಇನ್ನೊಂದು. 1.25 ಇಂಚಿನಲ್ಲಿ 32 ಎಂಎಂ ಪ್ಲಾಸಲ್ ಮತ್ತು 24 ಎಂಎಂ 68 ಡಿಗ್ರಿ ಐಪೀಸ್, ಎರಡರ ಫೀಲ್ಡ್ ಸ್ಟಾಪೂ 27 ಎಂಎಂ ಆಸುಪಾಸು. ಅಂದ್ರೆ ಎರಡರಲ್ಲೂ ಕಾಣುವ ಆಕಾಶ ಒಂದೇ, ನಿಮ್ಮದರಲ್ಲಿ 1.3 ಡಿಗ್ರಿ. ಒಂದು 37 ಪವರ್‌ನಲ್ಲಿ ತೋರಿಸ್ತದೆ, ಇನ್ನೊಂದು 50ರಲ್ಲಿ. 50ರಲ್ಲಿ ಹಿನ್ನೆಲೆ ಕಪ್ಪಾಗಿ ಸಣ್ಣ ನಕ್ಷತ್ರ ಎದ್ದು ಬರ್ತದೆ. ತುಮಕೂರಿನ ತಾರಸಿಯಲ್ಲಂತೂ 6 ಎಂಎಂ ಎಕ್ಸಿಟ್ ಪ್ಯೂಪಿಲ್ ಅಂದ್ರೆ ಆಕಾಶ ಗಂಜಿ ತಿಳಿಯ ಬಣ್ಣ ಇದ್ದೀತು. ‘ಲೋ ಪವರ್’ ಮತ್ತು ‘ಅಗಲ ಆಕಾಶ’ ಎರಡೂ ಒಂದೇ ಅಂತ ನಾವು ಅಂದುಕೊಳ್ಳುವುದೇ ಈ ತಾಪತ್ರಯಕ್ಕೆ ಮೂಲ. ನಿಮಗೆ ಬೇಕಾದದ್ದು ಅಗಲ. ಪವರ್ ಇಳಿಸದೆ ಅಗಲ ಸಿಗುವುದಾದ್ರೆ ಯಾಕೆ ಇಳಿಸ್ತೀರಿ?

ಚಂದ್ರಬೇಡ · ಶನಿವಾರ

ಕೃತ್ತಿಕೆ ನೋಡೋಕೆ 10x50 ಬೈನಾಕ್ಯುಲರ್. 6 ಡಿಗ್ರಿ ಮೀರಿ ಸಿಗುತ್ತೆ. ಐಪೀಸಿನ ಅರ್ಧ ದುಡ್ಡು.

ಫೀನಿಕ್ಸ್_ಕನ್ನಡಿಗ · ಶನಿವಾರ

ಅದೂ ನಿಜವೇ. ಆದರೆ 10 ಇಂಚಿನಲ್ಲಿ ಅಗಲವಾಗಿ ನೋಡೋ ಸುಖ ಬೈನಾಕ್ಯುಲರ್‌ನಲ್ಲಿ ಎಲ್ಲಿ ಬರುತ್ತೆ. ಇನ್ನೊಂದು ಎಚ್ಚರಿಕೆ: ಐಪೀಸ್ ಒಳ್ಳೇದಾದ ಮೇಲೆ ಕೋಮಾ ಕಣ್ಣಿಗೆ ಬೀಳೋಕೆ ಶುರುವಾಗುತ್ತೆ. ನನಗೆ ಆದದ್ದು ಅದೇ. ಕೊಕ್ಕರೆ ಹೋದ ಮೇಲೆ ಬೀಸಣಿಗೆಗಳು ಕಂಡವು, ಪ್ಯಾರಾಕಾರ್ ಅನ್ನೋ ಕೋಮಾ ಕರೆಕ್ಟರ್ ಕೊಂಡೆ. ಅದು ಪವರನ್ನು 1.15 ಪಟ್ಟು ಏರಿಸುತ್ತೆ, 31 ಹೋಗಿ 27 ಆದ ಹಾಗೆ. ಖರ್ಚಿನ ಬಾಗಿಲು ಒಂದು ಸಲ ತೆರೆದರೆ...

ಕೆಂಪು_ಟಾರ್ಚು · ಶನಿವಾರ

ಕೋಮಾ ಕರೆಕ್ಟರ್ ಈಗಲೇ ಬೇಡ. ನನ್ನ 8 ಇಂಚು ಎಫ್/5ರಲ್ಲಿ ಆರು ವರ್ಷದಿಂದ ಇಲ್ಲದೇ ನೋಡ್ತಿದೀನಿ. ಕೋಮಾ ಇದೆ, ಹುಡುಕಿದ್ರೆ ಕಾಣುತ್ತೆ. ನೋಡ್ತಿರೋ ವಸ್ತು ನಡುವೆ ಇರೋವಾಗ ಅಂಚಿನ ಬೀಸಣಿಗೆ ನನಗೆ ಕಾಟ ಕೊಟ್ಟಿಲ್ಲ. ಆಸ್ಟಿಗ್ಮ್ಯಾಟಿಸಂ ಮಾತ್ರ ನನ್ನ ಕೈಲಿ ಸಹಿಸಕ್ಕಾಗಲ್ಲ.

ಶಿವರಾತ್ರಿಗೆ ಎಲ್ಲರೂ ಎಲ್ಲಿ? ಚತುರ್ದಶಿ, ಚಂದ್ರ ಇಲ್ಲ, ಹೇಗೂ ಜಾಗರಣೆ. ತಾರಸಿ ಸರ್ ಭಾವನ ಹೊಲಕ್ಕೆ ಬರಬಹುದು ಅಂದ್ರೆ ನನ್ನ 24 ಎಂಎಂ 82 ಡಿಗ್ರಿ ತರ್ತೀನಿ. ನಮ್ಮ ಬೆಂಗಳೂರಿನ ಒಬ್ಬರ ಹತ್ರ 31 ನ್ಯಾಗ್ಲರ್ ಇದೆ, ಅವರನ್ನೂ ಎಳ್ಕೊಂಡು ಬರ್ತೀನಿ.

ಆಗುಂಬೆ_ಮಳೆ · ಭಾನುವಾರ

ನಾನು ಬರಕ್ಕಾಗಲ್ಲ, ಒಂದು ಮಾತು ಹೇಳಿ ಹೋಗ್ತೀನಿ. ಸೆಕೆಂಡ್‌ಹ್ಯಾಂಡ್ ಐಪೀಸ್ ತಗೊಳ್ಳೋರು ಮಲೆನಾಡು, ಕರಾವಳಿಯಿಂದ ಬಂದದ್ದಾ ಅಂತ ಕೇಳಿ. ಟಾರ್ಚ್ ಹಿಂದಿನಿಂದ ಹಿಡಿದು ಓರೆಯಾಗಿ ನೋಡಿ. ಗಾಜಿನ ಒಳಗೆ ಜೇಡರ ಬಲೆ ಥರ ಕವಲು ಕವಲು ಇದ್ದರೆ ಫಂಗಸ್, ಬಿಟ್ಟುಬಿಡಿ. ನನ್ನ ಒಂದು 25 ಎಂಎಂ ಹೀಗೇ ಹೋಯಿತು. ಅದು ಬಂದಿದ್ದ ಫೋಮಿನ ಪೆಟ್ಟಿಗೆಯಲ್ಲೇ ಮಳೆಗಾಲ ಪೂರ್ತಿ ಇಟ್ಟಿದ್ದೆ. ಈಗ ಎಲ್ಲಾ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ. ಅಕ್ಕಿ ಡಬ್ಬಿಯಲ್ಲಿ ಇಡಬೇಡಿ, ಹಿಟ್ಟು ಕೂರುತ್ತೆ. ಕೇಳಿದವರಿದ್ದಾರೆ, ಅದಕ್ಕೆ ಹೇಳಿದೆ.

ತುಮಕೂರು_ತಾರಸಿ · ಶಿವರಾತ್ರಿಯ ಮರುದಿನ, ಮಧ್ಯಾಹ್ನ 2:15

ಈಗ ಎದ್ದೆ. ಮರೆಯೋ ಮುಂಚೆ ಬರೆದುಬಿಡ್ತೀನಿ.

ಏಳು ಗಂಟೆಗೆ ಹೊಲಕ್ಕೆ ಸೇರಿದ್ವಿ, ನಾಲ್ಕು ಜನ, ಮೂರು ಟೆಲಿಸ್ಕೋಪ್. ಭಾವ ಉಪವಾಸ. ಅವರಿಗೆ ನಮ್ಮ ಮೇಲೆ ಅನುಮಾನ, ಆದ್ರೂ ಪಂಪ್‌ಸೆಟ್ ಮನೆಯ ಬಲ್ಬ್ ತೆಗೆದುಕೊಟ್ರು. ಅರ್ಧ ಗಂಟೆ ಕತ್ತಲೆಯಲ್ಲಿ ಕೂತ ಮೇಲೆ ಡ್ರಿಲ್ ಬಿಟ್ ಪರೀಕ್ಷೆ. 5ಕ್ಕೆ ಲುಬ್ಧಕ ಮಾಯ ಆಗಲೇ ಇಲ್ಲ. 6ಕ್ಕೆ ಪೂರ್ತಿ ಮಾಯ. 5.5ಕ್ಕೆ ಒಂದು ಸಲ ಹೋಯ್ತು ಅನ್ಸುತ್ತೆ, ಇನ್ನೊಂದು ಸಲ ಇಲ್ಲ ಅನ್ಸುತ್ತೆ. ಅಂದ್ರೆ ನನ್ನ ಕೊಡದ ಬಾಯಿ ಐದೂವರೆ. 40 ಎಂಎಂ ಕೊಂಡಿದ್ರೆ ನನಗೆ ಸಿಗ್ತಿದ್ದದ್ದು 165 ಎಂಎಂ ಕನ್ನಡಿ, ಆರೂವರೆ ಇಂಚು. ಚಂದ್ರಬೇಡ ಅವರಿಗೆ ಇಲ್ಲಿಂದಲೇ ಕೈ ಮುಗಿದೆ.

ಮೊದಲು ನನ್ನ ಹಳೇ 30, ಕನ್ನಡಕ ಹಾಕ್ಕೊಂಡು. ನಡುವಿನ ನಕ್ಷತ್ರದ ಬಾಲ ಹೋಗಿತ್ತು! ಎರಡು ತಿಂಗಳು ಬೈದಿದ್ದು ಸುಮ್ಮನೆ. ಅಂಚಿನ ಕೊಕ್ಕರೆ ಮಾತ್ರ ಹಾಗೇ ಇತ್ತು, ಸ್ವಲ್ಪ ಬಡಕಲಾಗಿತ್ತು. ಹಾಗಾಗಿ ಅಪರಾಧ ಹಂಚಿಕೆ: ನಡುವಿಂದು ಪೂರ್ತಿ ನಂದು, ಅಂಚಿಂದು ಬಹುಪಾಲು ಐಪೀಸಿಂದು.

ಆಮೇಲೆ 31 ನ್ಯಾಗ್ಲರ್. ಕೈಗೆ ತಗೊಂಡ್ರೆ ಒಂದು ಸೇರು ಅಕ್ಕಿ ಹಿಡಿದ ಹಾಗಿದೆ. ಫೋಕಸರ್‌ಗೆ ಹಾಕಿ ಕೈ ಬಿಟ್ಟ ತಕ್ಷಣ ಕೊಳವೆ ಮೂತಿ ತಗ್ಗಿಸಿ ನೆಲ ಮೂಸೋಕೆ ಹೊರಡ್ತು. ಭಾವನ ಹತ್ರ ಹಳೇ ತಕ್ಕಡಿಯ ಒಂದು ಕೆಜಿ ಬಟ್ಟು ಇತ್ತು. ಅದನ್ನ ಬಟ್ಟೆ ಚೀಲಕ್ಕೆ ಹಾಕಿ ಕೊಳವೆಯ ಬಾಲಕ್ಕೆ ಕಟ್ಟಿದ ಮೇಲೆ ನಿಂತ್ತು. ಕೃತ್ತಿಕೆ ಅದರಲ್ಲಿ, ಏನು ಹೇಳಲಿ, ಎರಡು ಡಿಗ್ರಿ ಆಕಾಶದ ನಡುವೆ ನೀಲಿಯಾಗಿ ಕೂತಿತ್ತು, ಅಂಚಿನವರೆಗೂ ಚುಕ್ಕೆ ಚುಕ್ಕೆ. ಅಂಚಿನಲ್ಲಿ ಫೀನಿಕ್ಸ್ ಅಣ್ಣ ಹೇಳಿದ ಬೀಸಣಿಗೆಗಳೂ ಕಂಡವು. ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ, ಈಗ ಕಣ್ಣಿಗೆ ಚುಚ್ಚುತ್ತೆ. ಥ್ಯಾಂಕ್ಸ್ ಅಣ್ಣ.

ಮೇಡಂ ಅವರ 24 ಹಾಕಿದ್ದು ಎಂ46, ಎಂ47 ಜೋಡಿಗೆ. ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕು. 31ರಲ್ಲಿ ಎರಡು ಗುಚ್ಛವೂ ಒಟ್ಟಿಗೆ, ಪಕ್ಕಪಕ್ಕ. ಒಂದು ದಪ್ಪ ದಪ್ಪ ನಕ್ಷತ್ರದ್ದು, ಇನ್ನೊಂದು ರವೆ ಚೆಲ್ಲಿದ ಹಾಗೆ. 24ರಲ್ಲಿ ಫೀಲ್ಡ್ 1.6 ಡಿಗ್ರಿ ಚಿಲ್ಲರೆ, ಎರಡೂ ಹಿಡಿಸ್ಬೇಕು ಅಂದ್ರೆ ಆ ಕಡೆ ಈ ಕಡೆ ಸ್ವಲ್ಪ ಕತ್ತರಿ ಬೀಳುತ್ತೆ. ಆದ್ರೆ ರವೆ ಗುಚ್ಛದ ಮೇಲೆ ನಿಲ್ಲಿಸಿದಾಗ ಮೇಡಂ, “ಉತ್ತರದ ಅಂಚಿನಲ್ಲಿ ಏನಾದ್ರೂ ಕಾಣುತ್ತಾ ನೋಡಿ” ಅಂದ್ರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಕಣ್ಣು ಪಕ್ಕಕ್ಕೆ ಮಾಡಿದಾಗ ರವೆಯ ನಡುವೆ ಒಂದು ಪುಟ್ಟ ಬೂದು ಗುಂಡು, ಉಸಿರು ಬಿಟ್ಟಾಗ ಗಾಜಿನ ಮೇಲೆ ಕೂರುತ್ತಲ್ಲ, ಆ ಥರ. ಎನ್‌ಜಿಸಿ 2438, ಪ್ಲಾನೆಟರಿ ನೆಬ್ಯುಲಾ, ಅಂದ್ರೆ ಸಾಯ್ತಿರೋ ನಕ್ಷತ್ರ ಹೊರಗೆ ಊದಿದ ಅನಿಲ. ಮತ್ತೆ 31 ಹಾಕಿ ನೋಡಿದೆ. ಇದೆ ಅಂತ ಗೊತ್ತಿದ್ದರಿಂದ ಕಾಣ್ತು. ಇಲ್ಲದಿದ್ರೆ ಒಂದು ಮಂಕು ನಕ್ಷತ್ರ ಅಂತ ದಾಟಿ ಹೋಗ್ತಿದ್ದೆ. 39 ಪವರ್‌ಗೂ 50ಕ್ಕೂ ಇಷ್ಟು ವ್ಯತ್ಯಾಸ ಇರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಹಿನ್ನೆಲೆಯೂ 24ರಲ್ಲಿ ಒಂದು ಕೈ ಜಾಸ್ತಿ ಕಪ್ಪು.

ಹನ್ನೆರಡೂವರೆಗೆ ದಕ್ಷಿಣದಲ್ಲಿ ಕರೀನಾ ನೀಹಾರಿಕೆ. ಪಾವಗಡದಿಂದ ಅದು ಹೆಚ್ಚೆಂದ್ರೆ 16 ಡಿಗ್ರಿ ಏಳುತ್ತೆ, ಹುಣಸೆ ಮರದ ಪಕ್ಕ. ಇದಕ್ಕೆ ಮಾತ್ರ 31 ಗೆದ್ದಿತು, ಪೂರ್ತಿ ನೀಹಾರಿಕೆ, ನಡುವಿನ ಕಪ್ಪು ಬಿರುಕು ಸಮೇತ, ಒಂದೇ ಫೀಲ್ಡಿನಲ್ಲಿ. ಭಾವನೂ ಬಂದು ನೋಡಿದ್ರು. “ಇಷ್ಟು ದಿನ ಇದು ನಮ್ ಹೊಲದ ಮೇಲೇ ಇತ್ತಾ” ಅಂತ ಕೇಳಿ ಹೋಗಿ ಮಲಗಿದ್ರು, ಜಾಗರಣೆ ಅರ್ಧಕ್ಕೇ ಮುರೀತು. ಮೂರು ಗಂಟೆಗೆ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ, ಅದಕ್ಕೆ 24 ಸಾಕೋ ಸಾಕು.

ತೀರ್ಮಾನ: 24 ಎಂಎಂ 82 ಡಿಗ್ರಿ. ಎಕ್ಸಿಟ್ ಪ್ಯೂಪಿಲ್ 5.1, ನನ್ನ ಐದೂವರೆಯೊಳಗೆ ಕೂರುತ್ತೆ. ರಬ್ಬರ್ ಕಪ್ ಮಡಚಿದ್ರೆ ಕನ್ನಡಕದಲ್ಲೂ ಅಂಚು ಕಾಣುತ್ತೆ, ಸ್ವಲ್ಪ ಒತ್ತಬೇಕು ಅಷ್ಟೇ. ತಾರಸಿಗೂ ಆಗುತ್ತೆ. ಹೊಸದಕ್ಕೆ ನನ್ನ ಬಜೆಟ್ ಸಾಲಲ್ಲ, ಯಾರಾದ್ರೂ ಮಾರೋರಿದ್ರೆ ಹೇಳಿ.

ಕಡಲತೀರ_ಕತ್ತಲೆ · ಮಧ್ಯಾಹ್ನ 3:02

ಆ ಬೂದು ಗುಂಡು ಕಂಡದ್ದಕ್ಕೆ ಅಭಿನಂದನೆ ಮಾರಾಯ್ರೆ. ಒಂದು ತಕರಾರು: 24ನ್ನೇ ಹೊಗಳಿ 30ನ್ನು ಪೂರಾ ಬಿಸಾಡಬೇಡಿ. ಓ-3 (ಆಮ್ಲಜನಕದ ಬೆಳಕು ಮಾತ್ರ ಬಿಡುವ) ಫಿಲ್ಟರ್ ಹಾಕಿ ರಾಜಹಂಸದ ವೇಲ್ ನೀಹಾರಿಕೆ ನೋಡುವ ಹೊತ್ತಿಗೆ ದೊಡ್ಡ ಎಕ್ಸಿಟ್ ಪ್ಯೂಪಿಲ್ ಬೇಕಾಗ್ತದೆ. ಅಲ್ಲಿ ಅಂಚಿನ ಕೊಕ್ಕರೆ ಯಾರೂ ನೋಡುವುದಿಲ್ಲ.

ಕೆಂಪು_ಟಾರ್ಚು · ಸಂಜೆ 5:40

5.1ರಲ್ಲೂ ವೇಲ್ ಚೆನ್ನಾಗೇ ಕಾಣುತ್ತೆ, ನನ್ನ ಎಫ್/5ರಲ್ಲಿ ಅದೇ 24ರಲ್ಲೇ ನೋಡೋದು ನಾನು. ಇದನ್ನ ಅಕ್ಟೋಬರ್‌ನಲ್ಲಿ ಜಗಳ ಆಡೋಣ.

ತಾರಸಿ ಸರ್, ನಿನ್ನೆ ಬಂದಿದ್ದ 31ರ ಯಜಮಾನರ ಹತ್ರ ಒಂದು 24/82 ಮೂಲೆಯಲ್ಲಿ ಬಿದ್ದಿದೆಯಂತೆ. ದಾರಿಯಲ್ಲಿ ಹೇಳಿದ್ರು. ನಿಮಗೆ ಮೆಸೇಜ್ ಮಾಡಿಸ್ತೀನಿ. ಬೆಂಗಳೂರಲ್ಲೇ ಇದ್ದ ಐಪೀಸ್, ಆದ್ರೂ ಆಗುಂಬೆ ಅವರು ಹೇಳಿದ ಟಾರ್ಚ್ ಪರೀಕ್ಷೆ ಮಾಡಿಯೇ ತಗೊಳ್ಳಿ.

ತುಮಕೂರು_ತಾರಸಿ · ಹತ್ತು ದಿನದ ನಂತರ

ಸಿಕ್ತು. 18,500. ಟಾರ್ಚ್ ಹಾಕಿ ನೋಡಿದೆ, ಗಾಜು ಶುಭ್ರ. ಮನೆಯಲ್ಲಿ ಈಗಲೂ 12,000.

ಬರೀ ಎಡಗಣ್ಣಲ್ಲಿ ನೋಡೋ ಅಭ್ಯಾಸಾನೂ ಮಾಡ್ತಿದೀನಿ. ಮೊದಲ ಮೂರು ದಿನ ಮೂಗು ಎಲ್ಲಿ ಇಡೋದು ಅಂತಲೇ ಗೊತ್ತಾಗ್ತಿರಲಿಲ್ಲ.

ಆರಿಂಚು_ಎಫ್8 · ಅದೇ ದಿನ

ಹಂಗಾದ್ರ ನಿಮ್ಮ ಆ 30 ಎಂಎಂ ಏನ್ ಮಾಡ್ತೀರಿ? ಕಡಲತೀರದವ್ರ ಮಾತು ಕೇಳಿ ಇಟಗೊಳ್ಳೋದಿದ್ರ ಇಟಗೋರಿ. ಮಾರೋದಿದ್ರ ನನಗ ಕೊಡ್ರಿ. ಗೆಳೆಯಾ ತನ್ನದನ್ನ ವಾಪಸ್ ಒಯ್ದಾನ, ನನ್ನ ಫೋಕಸರ್ ಖಾಲಿ ಕುಂತೈತಿ. ನನ್ನ ಎಫ್/8ನ್ಯಾಗ ಅದಕ್ಕ ಯಾರೂ ಕೊಕ್ಕರಿ ಅನ್ನೂದಿಲ್ಲ.

ತುಮಕೂರು_ತಾರಸಿ · ಅದೇ ದಿನ

ದುಡ್ಡು ಬೇಡ ಸರ್, ಒಂದು ಕೆಜಿ ಪೇಡಾ ಕಳಿಸಿ. ನಾಳೆ ರಾತ್ರಿ ಧಾರವಾಡದ ಬಸ್ಸಿಗೆ ಹಾಕ್ತೀನಿ. ಸ್ಟೀಲ್ ಡಬ್ಬಿಯಲ್ಲಿದೆ, ಡಬ್ಬಿ ಮಾತ್ರ ವಾಪಸ್ ಬೇಕು, ಅದು ಅಡುಗೆಮನೇದು.